ಶರಾವತಿ ಹಿನ್ನೀರಿನ ದಡಕ್ಕೆ ಒಂದು ದಿನದ ಕಾಡುನಡಿಗೆ: ಯೋಜನೆ ಹಾಕುವುದು ಹೇಗೆ?

ಬೆಟ್ಟ ಹತ್ತುವವರಿಗೆ ಕಷ್ಟ ಮೊದಲು, ಸುಖ ಆಮೇಲೆ. ನೀರಿನ ದಡಕ್ಕೆ ಹೋಗುವವರಿಗೆ ಇದು ತಿರುಗುಮುರುಗು. ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಕಡೆಗೆ ಹೋಗುವ ಯಾವುದೇ ಕಾಲುದಾರಿ ಹಿಡಿಯಿರಿ, ಅದು ಹೆಚ್ಚುಕಡಿಮೆ ಇಳಿಯುತ್ತಲೇ ಹೋಗುತ್ತದೆ. ಬೆಳಗಿನ ತಂಪು, ತಲೆಯ ಮೇಲೆ ಮರಗಳ ನೆರಳು, ಕಾಲಿನಲ್ಲಿ ಹುರುಪು. ಎಷ್ಟು ದೂರ ಬಂದೆವೆಂದು ಗೊತ್ತೇ ಆಗುವುದಿಲ್ಲ. ಏರು ಕಾದು ಕೂತಿರುವುದು ಮರಳುವಾಗ: ಹೊಟ್ಟೆಯಲ್ಲಿ ಊಟ ಭಾರವಾಗಿರುತ್ತದೆ, ಬಾಟಲಿಯಲ್ಲಿ ನೀರು ತಳ ಮುಟ್ಟಿರುತ್ತದೆ, ಬೆಳಕು ಕರಗುತ್ತಿರುತ್ತದೆ. ಈ ಕಾಡುಗಳಲ್ಲಿ ದಾರಿ ತಪ್ಪಿ ಪರದಾಡಿದವರು ಎಂದು ನನಗೆ ಗೊತ್ತಿರುವವರೆಲ್ಲ ತಪ್ಪಿದ್ದು ಹೋಗುವಾಗಲ್ಲ, ಬರುವಾಗ.

ಆದ್ದರಿಂದ ನನ್ನ ಯೋಜನೆ ಯಾವಾಗಲೂ ಸಂಜೆಯಿಂದ ಶುರುವಾಗುತ್ತದೆ. ಎಷ್ಟು ಗಂಟೆಗೆ ಟಾರು ರಸ್ತೆಗೆ ಬಂದು ನಿಂತಿರಬೇಕು ಎಂಬುದನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಬೆಳಗಿನ ಕಡೆಗೆ ಲೆಕ್ಕ ಹಾಕುತ್ತೇನೆ. ಅದಕ್ಕೂ ಮುಂಚೆ ಗಮನಿಸಬೇಕಾದ ಸಂಗತಿಯೊಂದಿದೆ.

ದಡ ಎಲ್ಲಿದೆ ಎಂದು ಮೊದಲು ತಿಳಿಯಿರಿ

ಇದು ಕೆರೆಯಲ್ಲ, ಜಲಾಶಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ನಿಂತ ನೀರು. ಕೆಳಗೆ ಊರುಗಳಿವೆ, ಗದ್ದೆ ತೋಟಗಳಿವೆ, ಕಾಡೂ ಇದೆ. ಇವತ್ತು ನಡುಗಡ್ಡೆಯಂತೆ ಕಾಣುವುದೆಲ್ಲ ಅಂದಿನ ಗುಡ್ಡದ ನೆತ್ತಿ. ಇಲ್ಲಿನ ದಡ ಒಂದೇ ಕಡೆ ನಿಲ್ಲುವುದಿಲ್ಲ. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯ ಕೊನೆಗೆ ಅದು 1760 ಅಡಿಗಿಂತ ಕೆಳಗಿಳಿದ ವರ್ಷಗಳೂ ಉಂಟು. ಇಳಿಜಾರು ತೀರಾ ಸೌಮ್ಯವಾಗಿರುವ ಕಡೆ, ಇಪ್ಪತ್ತು ಅಡಿ ನಡೆದರೆ ಒಂದಡಿ ಇಳಿಯುತ್ತದೆ ಎಂದುಕೊಳ್ಳಿ, ನೀರಿನ ಮಟ್ಟ ಮೂವತ್ತು ಅಡಿ ಇಳಿದರೆ ದಡ ಆರುನೂರು ಅಡಿ ಹಿಂದೆ ಸರಿದಿರುತ್ತದೆ. ಅಕ್ಟೋಬರ್‌ನಲ್ಲಿ ಮರದ ಬುಡಕ್ಕೆ ನೀರು ತಾಗುತ್ತಿದ್ದ ಜಾಗದಲ್ಲಿ ಏಪ್ರಿಲ್ ಹೊತ್ತಿಗೆ ಬಿರುಕುಬಿಟ್ಟ ಕೆಂಪು ಮಣ್ಣಿನ ಬಯಲು, ಅದರ ತುಂಬ ಅರವತ್ತು ವರ್ಷ ನೀರಿನಲ್ಲಿ ಮುಳುಗೆದ್ದ ಮರದ ಕಪ್ಪು ಕುಂಟೆಗಳು. ನೀರು ತೀರಾ ಇಳಿದ ವರ್ಷ, ಲಿಂಗನಮಕ್ಕಿಗೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಊರಿನವರು ಅದನ್ನು ಮಡೆನೂರು ಡ್ಯಾಂ ಎನ್ನುತ್ತಾರೆ.

ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ಬರುತ್ತದೆ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಹೊರಡುವ ವಾರ ಆ ಸಾಲನ್ನು ಓದಿಕೊಳ್ಳಿ. ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಕಾಣುವ ದಡ, ಆ ಚಿತ್ರ ತೆಗೆದ ದಿನದ ದಡ. ಅದು ಮೇ ತಿಂಗಳ ಚಿತ್ರವಾಗಿದ್ದರೆ, ನೀವು ಗುರುತು ಹಾಕಿಕೊಂಡ ಜಾಗ ನವೆಂಬರ್‌ನಲ್ಲಿ ನೀರಿನಡಿ ಇರುತ್ತದೆ. ದಾರಿಯ ಕೊನೆಯ ಅರ್ಧ ಕಿಲೋಮೀಟರ್ ಕೂಡ ಅದರ ಜೊತೆಗೇ ಮುಳುಗಿರುತ್ತದೆ.

ಯಾವ ತಿಂಗಳು?

ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ನಡುವಿನವರೆಗೆ. ಇದು ನನ್ನ ಖಚಿತ ಅಭಿಪ್ರಾಯ, ಕಾರಣಗಳೂ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಯಲ್ಲಿ ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನಕ್ಕೆ ಸೊಂಟದ ಮಟ್ಟ ಬರಬಹುದು. ಹಳ್ಳದ ಆಚೆ ಸಿಕ್ಕಿಬಿದ್ದರೆ ಕಾಯುವುದಲ್ಲದೆ ಬೇರೆ ದಾರಿಯಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಅದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ. ಎರಡರ ನಡುವೆ ಉಳಿಯುವುದು ಈ ಕಿರಿದಾದ ಕಿಂಡಿ. ಆಗ ನೀರು ಸಾಮಾನ್ಯವಾಗಿ ತುಂಬಿರುತ್ತದೆ, ನೆಲ ಅಷ್ಟಿಷ್ಟು ಒಣಗಿರುತ್ತದೆ, ಉಂಬಳ (ನೆಲದ ಜಿಗಣೆ) ಕಡಿಮೆಯಾಗುತ್ತಿರುತ್ತವೆ.

ಅಕ್ಟೋಬರ್‌ಗೆ ಒಂದು ಎಚ್ಚರಿಕೆ ಮಾತ್ರ ಇದೆ. ಹಿಂಗಾರಿನ ಗುಡುಗು ಮಳೆ ಮಧ್ಯಾಹ್ನದ ಮೇಲೆಯೇ ಹೆಚ್ಚು. ಮೋಡ ಕಪ್ಪಾಗಿ ಗುಡುಗು ಕೇಳಿಸಿದರೆ ಬಯಲು ದಡದಲ್ಲಿ ನಿಲ್ಲಬಾರದು, ಒಂಟಿ ಮರದ ಕೆಳಗೆ ಅಂತೂ ಹೋಗಲೇಬಾರದು. ಒಂದೇ ಎತ್ತರದ ಮರಗಳಿರುವ ಕಾಡಿನೊಳಗೆ ಸರಿದು, ಒಬ್ಬರಿಂದೊಬ್ಬರು ದೂರವಾಗಿ ತಗ್ಗಿ ಕೂರಬೇಕು.

ಅನುಮತಿ, ದಾರಿ, ದಾರಿ ತೋರುವವರು

ಹಿನ್ನೀರಿನ ಸುತ್ತಲ ಕಾಡೆಲ್ಲ ಒಂದೇ ಬಗೆಯದಲ್ಲ. ಒಂದು ಭಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. ಇನ್ನೊಂದು ಭಾಗ ಮೀಸಲು ಅರಣ್ಯ. ಅಡಿಕೆ ತೋಟಗಳಿಗೆ ಹೊಂದಿಕೊಂಡ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಮತ್ತೊಂದು. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮೀಸಲು ಅರಣ್ಯಕ್ಕೂ ಅತಿಕ್ರಮ ಪ್ರವೇಶದ ನಿಯಮಗಳಿವೆ. ಇಲಾಖೆ ತೆರೆದಿರುವ ಚಾರಣ ದಾರಿಗಳಿಗೆ ಈಗ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಬೇಕು. ಆ ಪಟ್ಟಿಯಲ್ಲಿಲ್ಲದ ದಾರಿಯಾದರೆ ಆ ಭಾಗದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಕೇಳಿ. ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ಯಾವ ದಿನ ಎಂಬುದನ್ನು ಬರೆದುಕೊಂಡೇ ಹೋಗಿ. ಬೇಡವೆಂದರೆ ಬೇಡ. ನೀರಿನವರೆಗೆ ಊರಿನ ರಸ್ತೆಯೇ ಹೋಗುವ ಹೊನ್ನೆಮರಡುವಿನಂಥ ಜಾಗಗಳೂ ಇವೆ; ಸಾಗರದಿಂದ ಅದು ಸುಮಾರು 25 ಕಿಲೋಮೀಟರ್. ಮೊದಲ ಸಲ ಬರುವವರಿಗೆ ಅಂಥದ್ದೇ ಒಳ್ಳೆಯದು.

ನಕ್ಷೆಗೆ ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ಹಾಳೆ ಸಾಕು. ಅದರಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳು 20 ಮೀಟರ್ ಎತ್ತರಕ್ಕೊಂದರಂತೆ ಇರುತ್ತವೆ. ಹೊರಡುವ ಜಾಗದಿಂದ ದಡದವರೆಗೆ ಎಷ್ಟು ಗೆರೆ ದಾಟುತ್ತೀರಿ ಎಂದು ಎಣಿಸಿ, ಇಪ್ಪತ್ತರಿಂದ ಗುಣಿಸಿ. ಸಂಜೆ ಹತ್ತಬೇಕಾದ ಏರು ಅಷ್ಟು ಮೀಟರ್. ಮೊಬೈಲಿನಲ್ಲಿ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ; ದಾರಿಯ ಬಹುಭಾಗದಲ್ಲಿ ಸಿಗ್ನಲ್ ಸಿಗುವುದಿಲ್ಲ.

ಇಷ್ಟಾದರೂ ಊರಿನವರೊಬ್ಬರು ಜೊತೆಗಿರುವುದಕ್ಕೆ ಯಾವ ನಕ್ಷೆಯೂ ಸಮನಲ್ಲ. ದನ ಓಡಾಡಿದ ಜಾಡಿಗೂ ಜನ ನಡೆಯುವ ದಾರಿಗೂ ಇರುವ ವ್ಯತ್ಯಾಸ ಅವರ ಕಣ್ಣಿಗೆ ತಟ್ಟನೆ ಕಾಣುತ್ತದೆ. ಅವರ ಒಂದು ದಿನದ ಕೂಲಿಗಿಂತ ಹೆಚ್ಚೇ ಕೊಡಿ, ಮೊದಲೇ ಮಾತಾಡಿಕೊಳ್ಳಿ. ಕೊಯ್ಲಿನ ದಿನಗಳಲ್ಲಿ ಕೆಲಸ ಬಿಟ್ಟು ಬರುತ್ತಾರೆ ಎಂಬುದು ನೆನಪಿರಲಿ. ದಾರಿ ಕೇಳುವಾಗ “ಅಣ್ಣಾ, ಎಷ್ಟು ದೂರ?” ಎಂದು ಕೇಳಬೇಡಿ, “ಎಷ್ಟು ಹೊತ್ತು ಬೇಕು?” ಎಂದು ಕೇಳಿ. ದೂರ ಕೇಳಿದರೆ “ಇಲ್ಲೇ” ಎಂಬ ಉತ್ತರ ಬರುತ್ತದೆ. ಹೊತ್ತು ಕೇಳಿದರೆ ಅವರು ತಮ್ಮ ಕಾಲಿನ ಲೆಕ್ಕ ಹೇಳುತ್ತಾರೆ. ಪೇಟೆಯ ಕಾಲಿಗೆ ಅದರ ಒಂದೂವರೆ ಪಟ್ಟು ಹಿಡಿಯಿರಿ.

ಗಡಿಯಾರದ ಲೆಕ್ಕ

ದಾರಿ ಒಂದು ಕಡೆಗೆ 6 ಕಿಲೋಮೀಟರ್, ಇಳಿಜಾರು 150 ಮೀಟರ್ ಎಂದಿಟ್ಟುಕೊಳ್ಳೋಣ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಲೆಕ್ಕವೊಂದು ಇಂದಿಗೂ ಬಳಕೆಯಲ್ಲಿದೆ: ಗಂಟೆಗೆ 5 ಕಿಲೋಮೀಟರ್, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. ನಮ್ಮ ಮಲೆನಾಡಿನ ಬೇರು, ಬಿದ್ದ ಮರ, ಹಳ್ಳ, ಸಂಕಗಳ ನಡುವೆ 5 ಕಿಲೋಮೀಟರ್ ಆಗದ ಮಾತು. ನಾನು ಗಂಟೆಗೆ 3 ಎಂದೇ ಹಿಡಿಯುತ್ತೇನೆ.

ಹಾಗಾದರೆ ಮರಳುವ ದಾರಿಗೆ ನಡಿಗೆ ಎರಡು ಗಂಟೆ, ಏರಿಗೆ ಕಾಲು ಗಂಟೆ, ದಣಿವಿಗೆ ಮತ್ತು ಅನಿರೀಕ್ಷಿತಕ್ಕೆ ಅರ್ಧ ಗಂಟೆ. ಒಟ್ಟು ಎರಡೂ ಮುಕ್ಕಾಲು ಗಂಟೆ. ನವೆಂಬರ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು. ಆದರೆ ದಟ್ಟ ಕಾನಿನೊಳಗೆ ಅದಕ್ಕೂ ಮುಕ್ಕಾಲು ಗಂಟೆ ಮೊದಲೇ ಕಾಲ ಕೆಳಗಿನ ಬೇರು ಕಾಣದಾಗುತ್ತದೆ. ನಾಲ್ಕೂವರೆಗೆ ರಸ್ತೆಯಲ್ಲಿರಬೇಕು ಎಂದು ನಿಶ್ಚಯಿಸಿದರೆ, ಒಂದೂ ಮುಕ್ಕಾಲಿಗೆ ದಡ ಬಿಡಬೇಕು. ಬೆಳಿಗ್ಗೆ ಎಂಟೂವರೆಗೆ ಹೊರಟರೆ ನಿಂತು ನೋಡುವ ಹೊತ್ತೂ ಸೇರಿ ಹನ್ನೊಂದಕ್ಕೆ ನೀರು ಮುಟ್ಟುತ್ತೀರಿ. ಎರಡೂ ಮುಕ್ಕಾಲು ಗಂಟೆ ದಡದಲ್ಲಿ ನಿಮ್ಮದೇ.

ಇನ್ನೊಂದು ಗಂಟೆಯನ್ನು ಕೈಯ ಮೇಲೆ ಬರೆದುಕೊಳ್ಳಿ: ಹನ್ನೆರಡೂವರೆ. ಅಷ್ಟು ಹೊತ್ತಿಗೆ ನೀರು ಕಾಣದಿದ್ದರೆ ಎಲ್ಲಿದ್ದೀರೋ ಅಲ್ಲಿಂದ ಹಿಂತಿರುಗಿ. ಎಂಟೂವರೆಯಿಂದ ನಾಲ್ಕು ಗಂಟೆ ನಡೆದಿದ್ದೀರಿ, ಮರಳಲು ಇನ್ನು ನಾಲ್ಕು ಗಂಟೆ ಬೇಕು, ಅಲ್ಲಿಗೆ ನಾಲ್ಕೂವರೆ. “ಇನ್ನೇನು, ಮರದ ಸಂದಿಯಲ್ಲಿ ಬೆಳಕು ಕಾಣುತ್ತಿದೆ” ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಬೆಳಕು ಎಷ್ಟೋ ಸಲ ಅಕೇಶಿಯಾ ನೆಡುತೋಪಿನದ್ದಾಗಿರುತ್ತದೆ. ಈ ವೇಳೆಯನ್ನು ಹೊರಡುವ ಮುಂಚೆಯೇ ಎಲ್ಲರೂ ಒಪ್ಪಿರಬೇಕು. ಕಾಡಿನೊಳಗೆ ಚರ್ಚೆಗೆ ಕೂತರೆ ತೀರ್ಮಾನ ಹೊರಡುವುದಿಲ್ಲ.

ಬೆಂಗಳೂರಿನಿಂದ ಬರುವವರಿಗೆ ರಾತ್ರಿಯ ತಾಳಗುಪ್ಪ ರೈಲು ಅನುಕೂಲ. ಬೆಳಗಿನ ಜಾವಕ್ಕೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದು ತಿಂಡಿ ಮುಗಿಸಿ ಹೊರಡಬಹುದು. ಒಳಗಿನ ಊರುಗಳಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನ್ನು ಹಿಂದಿರುಗುವ ಕೊನೆಯ ಬಸ್ ಎಷ್ಟಕ್ಕೆ ಎಂದು ಕೇಳಿಟ್ಟುಕೊಳ್ಳಿ. ಅದು ನಾಲ್ಕಕ್ಕೇ ಇದ್ದರೆ ಮೇಲಿನ ಲೆಕ್ಕವೆಲ್ಲ ಅರ್ಧ ಗಂಟೆಗಿಂತ ಹೆಚ್ಚು ಹಿಂದಕ್ಕೆ ಸರಿಯಬೇಕು, ಇಲ್ಲವೇ ಜೀಪು ಗೊತ್ತು ಮಾಡಬೇಕು.

ಚೀಲದಲ್ಲಿ ಏನಿರಬೇಕು

ತಲೆಗೆ ಮೂರು ಲೀಟರ್ ನೀರು. ಹಿನ್ನೀರನ್ನು ಹಾಗೆಯೇ ಕುಡಿಯಬಾರದು, ಎಷ್ಟೇ ತಿಳಿಯಾಗಿ ಕಂಡರೂ. ಬುತ್ತಿಗೆ ಚಪಾತಿ ಮತ್ತು ಚಟ್ನಿಪುಡಿ, ಇಲ್ಲವೇ ಮಾವಿನಶುಂಠಿಯ ಚಿತ್ರಾನ್ನ. ಮೊಸರನ್ನ ತಂದರೆ ಹಾಲಿನಲ್ಲಿ ಕಲಸಿ ಒಂದು ಚಮಚ ಮೊಸರು ಹಾಕಿ ತನ್ನಿ, ಮಧ್ಯಾಹ್ನಕ್ಕೆ ಹುಳಿ ಹದವಾಗಿರುತ್ತದೆ. ಏರು ಹತ್ತುವಾಗ ಬಾಯಾಡಿಸಲು ಬೆಲ್ಲ, ಶೇಂಗಾ, ಬಾಳೆಹಣ್ಣು. ಓಆರ್‌ಎಸ್ ಪುಡಿಯ ಎರಡು ಪೊಟ್ಟಣ. ಟಾರ್ಚ್ ಹಗಲು ನಡಿಗೆಗೂ ಬೇಕೇ ಬೇಕು, ಮೊಬೈಲಿನ ಬೆಳಕನ್ನು ನಂಬಬೇಡಿ. ಶಿಳ್ಳೆಯೊಂದು ಕೊರಳಲ್ಲಿರಲಿ, ಉದ್ದದ ಬಟ್ಟೆಪಟ್ಟಿಯೊಂದು ಚೀಲದಲ್ಲಿರಲಿ. ಪ್ಲಾಸ್ಟಿಕ್ ಹೊದಿಕೆಯ ತಿಂಡಿ ತಂದರೆ ಹೊದಿಕೆಗಳನ್ನು ಎಣಿಸಿ ತನ್ನಿ, ಅಷ್ಟೇ ಎಣಿಸಿ ಒಯ್ಯಿರಿ.

ಬಟ್ಟೆ ತುಂಬು ತೋಳಿನದು, ತಿಳಿ ಬಣ್ಣದ್ದು. ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಕಾರಣ ಈಗ ಹೇಳುತ್ತೇನೆ.

ಉಂಬಳ, ಉಣುಗು

ಪೇಟೆಯವರು ಹೆದರುವುದು ಉಂಬಳಕ್ಕೆ. ಹೆದರಬೇಕಾದದ್ದು ಉಣುಗಿಗೆ, ಅಂದರೆ ದನಕರುಗಳ ಮೈಗೆ ಹತ್ತುವ ಉಣ್ಣೆಗೆ.

ಉಂಬಳ ಕಚ್ಚಿದರೆ ನೋವೂ ಇಲ್ಲ, ರೋಗವೂ ಬಾರದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವವನ್ನು ಅದು ಬಿಡುವುದರಿಂದ ಅದು ಕಳಚಿದ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಹಿಡಿದು ಜಗ್ಗಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿದರೆ ಬಾಯಿ ಬಿಡುತ್ತದೆ. ಊರಿನವರು ಸುಣ್ಣ, ಹೊಗೆಸೊಪ್ಪು, ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಳ್ಳುತ್ತಾರೆ. ಗಂಟನ್ನು ನೀರಿಗದ್ದಿ ಉಂಬಳಕ್ಕೆ ಮುಟ್ಟಿಸಿದರೆ ಸಾಕು, ಸುರುಟಿಕೊಂಡು ಬೀಳುತ್ತದೆ.

ಉಣುಗಿನ ಮಾತು ಬೇರೆ. ಮಂಗನ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಜೀವಗಳನ್ನು ಬಲಿ ತೆಗೆದುಕೊಂಡದ್ದು ಇಲ್ಲಿನವರ ಮನಸ್ಸಿನಿಂದ ಮಾಸಿಲ್ಲ. ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಉಣುಗಿನ ಮರಿಗಳು, ಎಳ್ಳಿಗಿಂತ ಸಣ್ಣವು. ಅವು ತರಗೆಲೆಗಳ ನಡುವೆ ಇರುತ್ತವೆ. ಕೊಟ್ಟಿಗೆಗೆ ದರಕು ಗುಡಿಸಿ ತರುವ ಹೆಂಗಸರಿಗೆ, ಸೌದೆಗೆ ಹೋದವರಿಗೆ ಕಾಯಿಲೆ ಬರುವುದು ಹಾಗೆಯೇ. ತಿಳಿ ಬಣ್ಣದ ಬಟ್ಟೆ ಏಕೆಂದರೆ ಅದರ ಮೇಲೆ ಆ ಚುಕ್ಕೆ ಹರಿದಾಡುವುದು ಕಾಣಿಸುತ್ತದೆ.

ಮಾಡಬೇಕಾದದ್ದು ಇಷ್ಟು. ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲೇ ಕರೆ ಮಾಡಿ ಮಂಗ ಸತ್ತ ವರದಿ ಇದೆಯೇ ಎಂದು ವಿಚಾರಿಸಿ. ಇದೆ ಎಂದರೆ ಯೋಜನೆ ಬಿಟ್ಟುಬಿಡಿ. ಆರೋಗ್ಯ ಇಲಾಖೆ ಊರಿನವರಿಗೆ ಕೊಡುವ ಡೇಪಾ ಎಣ್ಣೆಯನ್ನೋ ಅಂಗಡಿಯಲ್ಲಿ ಸಿಗುವ ಕೀಟನಿವಾರಕವನ್ನೋ ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಚೀಲವನ್ನೂ ಇಡಬೇಡಿ. ಬಂಡೆಯೋ ಬರಿ ನೆಲವೋ ಸಿಗುವವರೆಗೆ ನಿಂತೇ ಸುಧಾರಿಸಿಕೊಳ್ಳಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹಿಂತಿರುಗಿ, ಆರೋಗ್ಯ ಕೇಂದ್ರಕ್ಕೆ ಜಾಗ ತಿಳಿಸಿ.

ನಡೆಯುವಾಗ

ಊರಿನ ಅಂಚಿನಲ್ಲಿ ಮೊದಲು ಸಿಗುವುದು ಉಣಗೋಲು. ತೂತು ಕೊರೆದ ಎರಡು ಕಂಬ, ಅದರಲ್ಲಿ ಅಡ್ಡಕ್ಕೆ ತೂರಿಸಿದ ಮೂರೋ ನಾಲ್ಕೋ ಗಳು. ಕೈ ತಾಗಿ ತಾಗಿ ಗಳುಗಳ ನಡುಭಾಗ ನುಣುಪಾಗಿರುತ್ತದೆ, ತುದಿಯಲ್ಲಿ ಮಾತ್ರ ತೊಗಟೆ ಉಳಿದಿರುತ್ತದೆ. ಮೇಲಿನ ಎರಡು ಗಳು ಸರಿಸಿ ದಾಟಿ, ಕೊನೆಯವರು ಮತ್ತೆ ತೂರಿಸಿ ಬರಬೇಕು. ಇದನ್ನು ಒತ್ತಿ ಹೇಳುತ್ತೇನೆ. ಒಂದು ಸಲ ನಮ್ಮ ಗುಂಪಿನವರು ಎರಡನೆಯ ಗಳು ಹಾಕಲು ಮರೆತು, ಸಂಜೆ ಬರುವಷ್ಟರಲ್ಲಿ ದನ ನುಗ್ಗಿ ಅಡಿಕೆ ಸಸಿಗಳ ಸುಳಿಯನ್ನೆಲ್ಲ ತಿಂದಿದ್ದವು. ತೋಟದ ಯಜಮಾನರು ಬೈಯಲಿಲ್ಲ, ಮಜ್ಜಿಗೆ ಕೊಟ್ಟರು. ಆ ಲೋಟವನ್ನು ತುಟಿಗೆ ತರುವುದು ಕಷ್ಟವಾಯಿತು.

ಕಾಡಿನಲ್ಲಿ ಪ್ರತಿ ಕವಲಿನಲ್ಲೂ ನಿಂತು ಹಿಂತಿರುಗಿ ನೋಡಿ, ಒಂದು ಫೋಟೊ ತೆಗೆಯಿರಿ. ಸಂಜೆ ನಿಮಗೆ ಕಾಣುವುದು ಆ ನೋಟ. ಬೆಳಿಗ್ಗೆ ಎರಡು ದಾರಿ ಒಂದಾದ ಜಾಗ ಗಮನಕ್ಕೇ ಬಂದಿರುವುದಿಲ್ಲ. ಸಂಜೆ ಅದೇ ಜಾಗ ಒಂದು ದಾರಿ ಎರಡಾಗುವ ಕವಲು. ದಾರಿ ತಪ್ಪುವುದು ಬಹುಪಾಲು ಅಲ್ಲಿಯೇ.

ಬಿದ್ದ ಮರ ದಾಟುವಾಗ ಆಚೆ ಬದಿ ನೋಡದೆ ಕಾಲಿಡಬೇಡಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಕೋಲನ್ನು ಆಸರೆಯಾಗಿಟ್ಟು ಆ ಕಾಲು ಅಲುಗದಂತೆ ಬಟ್ಟೆಪಟ್ಟಿಯಿಂದ ಸಡಿಲವಾಗಿ ಸುತ್ತಿ, ನಡೆಸದೆ ಹೊತ್ತು ರಸ್ತೆಗೆ ತಂದು 108ಕ್ಕೆ ಕರೆ ಮಾಡಿ. ವಿಷಕ್ಕೆ ಔಷಧ ಇರುವುದು ಆಸ್ಪತ್ರೆಯಲ್ಲಿ ಮಾತ್ರ. ಈ ಕಾರಣಕ್ಕೇ ಇಬ್ಬರೇ ಹೋಗಬಾರದು, ನಾಲ್ವರಾದರೂ ಇರಬೇಕು. ಕಾಡುಕೋಣ ಎದುರಾದರೆ ಓಡದೆ, ಕೂಗದೆ, ನಿಧಾನಕ್ಕೆ ಹಿಂದೆ ಸರಿದು ಅದಕ್ಕೆ ದಾರಿ ಬಿಡಿ. ಮಾತು ಕಡಿಮೆಯಿದ್ದರೆ ಮಂಗಟ್ಟೆಯ ರೆಕ್ಕೆಯ ಸದ್ದು ಕೇಳಿಸುತ್ತದೆ; ಯಾರೋ ದೊಡ್ಡ ಬೀಸಣಿಗೆ ಬೀಸಿಕೊಂಡು ಮರದ ಮೇಲೆ ಹೋದ ಹಾಗೆ.

ದಡದಲ್ಲಿ

ನೀರು ಕಂಡೊಡನೆ ಓಡಬೇಡಿ. ನೀರು ಇಳಿಯತೊಡಗಿದ ದಿನಗಳಲ್ಲಿ ದಡದ ಮಣ್ಣು ಮೇಲೆ ಒಣಗಿ ಒಳಗೆ ಹೂಳಾಗಿರುತ್ತದೆ. ನಾನು ಒಮ್ಮೆ ಮೊಣಕಾಲಿನವರೆಗೆ ಹೂತು, ಬೂಟನ್ನು ಅಲ್ಲೇ ಬಿಟ್ಟು ಕಾಲು ಎಳೆದುಕೊಂಡಿದ್ದೇನೆ. ಕೋಲು ಊರಿ ನೋಡಿ ಹೆಜ್ಜೆಯಿಡಿ, ಕಲ್ಲು ಇಲ್ಲವೇ ಹುಲ್ಲು ಇರುವ ಕಡೆ ನಿಲ್ಲಿ.

ಈಜಲು ಇಳಿಯಬೇಡಿ. ಚೆನ್ನಾಗಿ ಈಜು ಬರುವವರಿಗೂ ಇದನ್ನೇ ಹೇಳುತ್ತೇನೆ. ನೀರಿನಡಿ ಗುಡ್ಡದ ಇಳಿಜಾರು ಹಾಗೆಯೇ ಇದೆ, ನಾಲ್ಕು ಹೆಜ್ಜೆಗೆ ತಳ ಸಿಗದಾಗಬಹುದು. ಮುಳುಗಿದ ಮರದ ಕೊಂಬೆಗಳು ಮೇಲಿನಿಂದ ಕಾಣುವುದಿಲ್ಲ. ಯಾರಾದರೂ ತೆಪ್ಪದಲ್ಲಿ ನಡುಗಡ್ಡೆಗೆ ಕರೆದೊಯ್ಯುತ್ತೇನೆಂದರೆ, ಜೀವರಕ್ಷಕ ಕವಚ ಇಲ್ಲದೆ ಹತ್ತಬೇಡಿ.

ಬೆಂಕಿ ಹಾಕಬೇಡಿ. ಊಟ ಮುಗಿಸಿ, ಒಂದೂ ಮುಕ್ಕಾಲರವರೆಗೆ ನೀರನ್ನು ನೋಡುತ್ತ ಕೂರಿ. ಗಾಳಿ ಬಿದ್ದು ನೀರು ನಿಶ್ಚಲವಾದಾಗ ಒಣಗಿದ ಮರದ ತುದಿಯಲ್ಲಿ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ, ಅದರ ಕೆಳಗೆ ತಲೆಕೆಳಗಾಗಿ ಅದರದೇ ಬಿಂಬ. ಜೊತೆಗೆ ಬಂದ ಊರಿನ ಹಿರಿಯರು ಕೈ ಚಾಚಿ “ನಮ್ಮ ಅಜ್ಜನ ಮನೆ ಅಲ್ಲಿತ್ತು” ಎಂದು ನೀರಿನ ನಡುವೆ ಒಂದು ಜಾಗ ತೋರಿಸಬಹುದು. ಆಗ ಕ್ಯಾಮೆರಾ ಕೆಳಗಿಟ್ಟು ಕೇಳಿಸಿಕೊಳ್ಳಿ.

ಮರಳುವಾಗ

ಅತಿ ನಿಧಾನ ನಡೆಯುವವರು ಮುಂದೆ, ದಾರಿ ಬಲ್ಲವರಲ್ಲಿ ಒಬ್ಬರು ಕೊನೆಗೆ. ಅರ್ಧ ಲೀಟರ್ ನೀರು ಏರಿಗೆಂದೇ ಮೀಸಲಿರಲಿ. ದಾರಿ ಅನುಮಾನವಾದರೆ ಕೊನೆಯ ಖಚಿತ ಗುರುತಿನವರೆಗೆ ಹಿಂದಕ್ಕೆ ಹೋಗಿ, ಅಡ್ಡದಾರಿ ಹಿಡಿಯಬೇಡಿ. ಮೂರು ಸಲ ಶಿಳ್ಳೆ ಹಾಕಿದರೆ ಸಹಾಯ ಬೇಕೆಂದು ಅರ್ಥ ಎಂಬುದನ್ನು ಬೆಳಿಗ್ಗೆಯೇ ಎಲ್ಲರಿಗೂ ಹೇಳಿರಿ.

ಹೊರಡುವ ಮುಂಚೆ ಮನೆಯಲ್ಲಿ ಒಬ್ಬರಿಗೆ ಚೀಟಿ ಬರೆದು ಕೊಟ್ಟಿರಬೇಕು: ಯಾವ ಊರಿನಿಂದ ಕಾಡು ಹೊಕ್ಕೆವು, ಯಾರ್‍ಯಾರು ಇದ್ದೇವೆ, ಊರಿನ ಯಾರು ಜೊತೆಗಿದ್ದಾರೆ, ಎಷ್ಟು ಗಂಟೆಯಾದರೂ ಕರೆ ಬರದಿದ್ದರೆ 112ಕ್ಕೆ ತಿಳಿಸಬೇಕು. ರಸ್ತೆಗೆ ಬಂದು ಸಿಗ್ನಲ್ ಸಿಕ್ಕ ಕೂಡಲೇ ಮೊದಲ ಕರೆ ಅವರಿಗೆ.

ಮನೆ ಸೇರಿದ ರಾತ್ರಿಯೇ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಉಜ್ಜಿ ಸ್ನಾನ ಮಾಡಿ. ಮಂಡಿಯ ಹಿಂಭಾಗ, ಕಂಕುಳು, ಸೊಂಟದ ಪಟ್ಟಿ ತಾಗುವ ಜಾಗ, ಕಿವಿಯ ಹಿಂದೆ ಉಣುಗು ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಜಜ್ಜಬೇಡಿ. ಮಂಗನ ಕಾಯಿಲೆಯ ಲಕ್ಷಣ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ. ಆ ದಿನಗಳಲ್ಲಿ ತಟ್ಟನೆ ಜ್ವರ ಏರಿ ತಲೆ, ಮೈಕೈ ವಿಪರೀತ ನೋಯತೊಡಗಿದರೆ ಮನೆಯಲ್ಲೇ ಮಾತ್ರೆ ನುಂಗಿ ಕಾಯಬೇಡಿ. ವೈದ್ಯರ ಬಳಿ ಹೋಗಿ, ಅವರು ಕೇಳದಿದ್ದರೂ ನೀವೇ ಹೇಳಿ: ಸಾಗರದ ಕಡೆ ಕಾಡಿಗೆ ಹೋಗಿದ್ದೆ, ಇಂಥ ದಿನ.